ಜಿಸೆಲ್‌ಗೆ ಟುಟು ಹೊಲಿದ ನನ್ನ ಅನುಭವ

‘ಜಿಸೆಲ್’ ಬ್ಯಾಲೆಯ ಎರಡನೇ ಅಂಕಕ್ಕೆ ಬೇಕಾದ ಉದ್ದ ಬಿಳಿ ಟುಟುಗಳನ್ನು (ಬ್ಯಾಲೆ ನರ್ತಕಿಯರು ಹಾಕುವ, ರವಿಕೆಯೂ ಲಂಗವೂ ಸೇರಿದ ಉಡುಪು) ಪ್ಯಾರಿಸ್‌ನ ಒಂದು ಸಣ್ಣ ನೃತ್ಯಶಾಲೆಗೆ ಹೊಲಿದುಕೊಟ್ಟೆ. ಇದು 1841ರಲ್ಲಿ ಪ್ಯಾರಿಸ್ ಆಪೆರಾದಲ್ಲೇ ಮೊದಲು ರಂಗಕ್ಕೆ ಬಂದ ಬ್ಯಾಲೆ. ಈ ಅಂಕದಲ್ಲಿ ಬರುವವರು ವಿಲಿಗಳು, ಮದುವೆಗೆ ಮುಂಚೆ ಸತ್ತುಹೋದ ಹುಡುಗಿಯರ ದೆವ್ವಗಳು. ನೋಡುವವರ ಕಣ್ಣೆಲ್ಲ ಲಂಗದ ಮೇಲೆ. ಆದರೆ ನನ್ನ ಪ್ರಕಾರ ನಿಜವಾದ ಕೆಲಸ ಇರುವುದು ರವಿಕೆಯಲ್ಲಿ.

ಅದನ್ನೇ ಮೊದಲು ಹಿಡಿದೆ. ಒಳಗೆ ಹಿಗ್ಗದ ದಪ್ಪ ಹತ್ತಿ ಬಟ್ಟೆ, ಮೇಲೆ ರೇಷ್ಮೆ. ಅಳತೆಯನ್ನು ಸುಮ್ನೆ ನಿಲ್ಲಿಸಿ ತಗೊಂಡರೆ ಸಾಲದು. ಉಸಿರು ತುಂಬಿಕೊಂಡಾಗ ಪಕ್ಕೆ ಎಷ್ಟು ಹಿಗ್ಗುತ್ತದೆ, ಕೈ ಎತ್ತಿದರೆ ಕಂಕುಳಲ್ಲಿ ಬಟ್ಟೆ ಎಳೆಯುತ್ತದಾ, ಹಿಂದಕ್ಕೆ ಬಾಗಿದರೆ ಸೊಂಟದ ಹತ್ತಿರ ಮಡಚಿಕೊಳ್ಳುತ್ತದಾ, ಇದೆಲ್ಲ ನೋಡಬೇಕು. ಬೆನ್ನಿಗೆ ಝಿಪ್ ಬೇಡ, ಹುಕ್ಕೇ ಸರಿ. ವೇದಿಕೆ ಮೇಲೆ ಝಿಪ್ ಬಾಯಿಬಿಟ್ಟರೆ ಗತಿಯಿಲ್ಲ, ಹುಕ್ಕು ಒಂದು ಹೋದರೂ ಉಳಿದವು ಹಿಡಿದುಕೊಳ್ಳುತ್ತವೆ. ಹುಕ್ಕು ಸಿಕ್ಕಿಸುವ ದಾರದ ಕುಣಿಕೆಗಳನ್ನು ಎರಡು ಮೂರು ಸಾಲು ಹಾಕಿದೆ. ಹೊಲಿಗೆಯ ಒಳಗೂ ಬಟ್ಟೆ ಜಾಸ್ತಿ ಬಿಟ್ಟೆ. ಮುಂದೆ ಬೇರೆ ಹುಡುಗಿಗೂ ಅದೇ ರವಿಕೆ ಆಗಬೇಕಲ್ವಾ.

ಲಂಗಕ್ಕೆ ಐದು ಪದರ ಟ್ಯೂಲ್, ಅಂದರೆ ತೆಳುವಾದ ಬಲೆಯಂಥ ಬಟ್ಟೆ. ಒಳಗಿನದು ಸ್ವಲ್ಪ ಗಡುಸು, ಮೇಲಿನವು ತೀರಾ ಮೆತ್ತಗೆ. ನೆರಿಗೆಯನ್ನೆಲ್ಲ ಸೊಂಟಕ್ಕೇ ತಂದರೆ ದಪ್ಪ ಕಾಣುತ್ತದೆ, ಅದಕ್ಕೇ ಸೊಂಟದ ಕೆಳಗೆ ಒಂದು ಅಗಲ ಪಟ್ಟಿ ಕೊಟ್ಟು, ಪದರಗಳನ್ನು ಅದರ ಮೇಲೆ ಒಂದರ ಕೆಳಗೊಂದು ಕೂರಿಸಿದೆ. ಅಂಚು ಮಡಚಿ ಹೊಲಿಯಲಿಲ್ಲ. ಹೊಲಿದರೆ ತೂಕ ಬಂದು ಲಂಗ ತೇಲುವುದಿಲ್ಲ.

ಟ್ಯೂಲ್ ಕೊಳ್ಳುವಾಗಲೆಲ್ಲ ನನಗೆ ಬ್ಯಾಲೆ ನರ್ತಕಿ ಎಮ್ಮಾ ಲಿವ್ರಿ ನೆನಪಾಗುತ್ತಾಳೆ. 1862ರ ನವೆಂಬರ್‌ನಲ್ಲಿ ಪ್ಯಾರಿಸ್ ಆಪೆರಾದಲ್ಲಿ ರಿಹರ್ಸಲ್ ನಡೆಯುವಾಗ ಗ್ಯಾಸ್ ದೀಪ ತಗುಲಿ ಅವಳ ಲಂಗಕ್ಕೆ ಬೆಂಕಿ ಹತ್ತಿತು. ಮುಂದಿನ ವರ್ಷ ತೀರಿಕೊಂಡಳು, ಬರೀ 20 ವರ್ಷ. ಬೆಂಕಿ ತಡೆಯುವ ದ್ರಾವಣದಲ್ಲಿ ಅದ್ದಿದ ಬಟ್ಟೆ ಆಗಲೇ ಇತ್ತು, ಆದರೆ ಅದು ಗಡುಸಾಗಿ ಮಂಕಾಗುತ್ತದೆ ಅಂತ ಅವಳು ಬೇಡ ಅಂದಿದ್ದಳು. ಈಗ ಬೇಗ ಹೊತ್ತಿಕೊಳ್ಳದ ಮೆತ್ತನೆ ಟ್ಯೂಲ್ ಸಿಗುತ್ತದೆ. ಬೆಲೆ ಜಾಸ್ತಿಯಾದರೂ ನಾನು ಅದನ್ನೇ ತಂದೆ, ಈ ವಿಷಯದಲ್ಲಿ ಚೌಕಾಸಿ ಬೇಡ.

ಕೊನೆಗೆ ಬೆವರಿನ ಪ್ರಶ್ನೆ. ಇಂಥ ರವಿಕೆಯನ್ನು ಪ್ರತಿ ಪ್ರದರ್ಶನ ಆದಮೇಲೂ ಒಗೆಯಲಾಗುವುದಿಲ್ಲ. ಕಂಕುಳಿಗೆ ಬಿಚ್ಚಿ ತೆಗೆಯುವಂಥ ಹತ್ತಿ ಪ್ಯಾಡ್ ಇಟ್ಟೆ. ರಂಗಭೂಮಿಯವರು ಮಾಡುವ ಹಾಗೆ ವೋಡ್ಕಾಗೆ ನೀರು ಬೆರೆಸಿ ಒಳಬದಿಗೆ ಸಿಂಪಡಿಸಿ ಗಾಳಿಗೆ ನೇತುಹಾಕಿದರೆ ವಾಸನೆ ಹೋಗುತ್ತದೆ. ಮೊದಲು ಒಂದು ಚೂರು ಬಟ್ಟೆಯ ಮೇಲೆ ಪರೀಕ್ಷೆ ಮಾಡಿಕೊಳ್ಳಿ, ರೇಷ್ಮೆ ಕಲೆ ಹಿಡಿಯಬಹುದು.