ಹೋರಿ ಬ್ಯಾಟ್ ಎಲ್ಲೆಲ್ಲಿದೆ: ನಕ್ಷೆಗೆ ದಾಖಲೆ ಕೂಡಿಸುವ ಬಗೆ

ಉತ್ತರ ಅಮೆರಿಕದ ಹೋರಿ ಬ್ಯಾಟ್ (ನಮ್ಮ ಹೋರಿಗೂ ಇದಕ್ಕೂ ನಂಟಿಲ್ಲ) ಎಲೆಮರೆಯಲ್ಲಿ ಒಂಟಿಯಾಗಿ ನೇತಾಡುವ ವಲಸೆ ಬಾವಲಿ. ಗುಹೆ ಹುಡುಕಿ ಫಲವಿಲ್ಲ; ದನಿ ಹಿಡಿಯಬೇಕು. ಪ್ರದೇಶವನ್ನು 10×10 ಕಿ.ಮೀ. ಚೌಕಗಳಾಗಿ ಹಂಚಿ, ಕೆರೆಯಂಚಿನ ಬಯಲಲ್ಲಿ ಅಲ್ಟ್ರಾಸೌಂಡ್ (ನಮ್ಮ ಕಿವಿಗೆ ಕೇಳದ ಎತ್ತರದ ದನಿ) ರೆಕಾರ್ಡರ್ ಇಡಿ. ಮೈಕ್ ನೆಲದಿಂದ 3 ಮೀಟರ್ ಮೇಲಿರಲಿ. ಎಲೆಗಳ ಪಕ್ಕದಲ್ಲೇ ಕಟ್ಟಿದರೆ ಪ್ರತಿಧ್ವನಿ ಸೇರಿ ದನಿ ಕಲಸಿಹೋಗುತ್ತದೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಕನಿಷ್ಠ 4 ರಾತ್ರಿ.

ಕರೆ 20 ಕಿಲೋಹರ್ಟ್ಸ್ ಆಸುಪಾಸು. ಅದರ ಅತಿ ಕೆಳಗಿನ ಆವರ್ತನ ಕರೆಯಿಂದ ಕರೆಗೆ ಏರಿಳಿಯುತ್ತದೆ. ಒಂದೇ ಕರೆ ನಂಬಿ ಹೆಸರಿಡಬೇಡಿ, ಹೋಲುವ ಕರೆಯ ಇನ್ನೊಂದು ಬಾವಲಿ, ಬ್ರೆಜಿಲಿಯನ್ ಫ್ರೀ-ಟೇಲ್ಡ್ ಬ್ಯಾಟ್ ಎದುರಾದರೆ ಕರೆ ಗುರುತಿಸುವ ಸಾಫ್ಟ್‌ವೇರೂ ಎಡವುತ್ತದೆ. ದಾಖಲೆಯ ಮೂಲ ದನಿಯೋ, ಬಲೆಯೋ, ಗಾಳಿಯಂತ್ರದಡಿ ಸಿಕ್ಕ ಕಳೇಬರವೋ ಎಂಬುದಕ್ಕೆ ಬೇರೆ ಕಾಲಂ ಇರಲಿ. ಏನೂ ಸಿಗದ ರಾತ್ರಿಯನ್ನೂ ಬರೆಯಿರಿ. ನಕ್ಷೆಯಲ್ಲಿ ಜೂನ್ (ನೆಲೆಸುವ ಕಾಲ), ಸೆಪ್ಟೆಂಬರ್ (ವಲಸೆಯ ಕಾಲ) ಚುಕ್ಕಿಗಳಿಗೆ ಒಂದೇ ಬಣ್ಣ ಕೊಟ್ಟರೆ ದಾರಿಹೋಕ ಬಾವಲಿಯೂ ಅಲ್ಲೇ ನೆಲೆಸಿದಂತೆ ಕಾಣುತ್ತದೆ.