ಮಗುವಿನ ಮೂಳೆಗೆ ಸೀಸ ಸೇರದಂತೆ ಮನೆ, ತೋಟವನ್ನು ಸಜ್ಜುಗೊಳಿಸುವುದು ಹೇಗೆ?

ಸುಗ್ಗಿಯ ಹಬ್ಬವಾದ ಹುತ್ತರಿ ಹತ್ತಿರವಾದಂತೆ ಕೊಡಗಿನ ಮನೆಗಳಲ್ಲಿ ಸುಣ್ಣ ಬಣ್ಣದ ಕೆಲಸ ಶುರುವಾಗುತ್ತದೆ. ಮಳೆಗಾಲವಿಡೀ ನೆನೆದು ಹೊಪ್ಪಳೆ ಎದ್ದ ಬಾಗಿಲು, ಕಿಟಕಿ, ಕಂಬಗಳನ್ನು ಉಪ್ಪುಕಾಗದದಿಂದ ಉಜ್ಜುವಾಗ ಏಳುವ ಹುಡಿ ಅಂಗಳದಲ್ಲಿ ಆಡುತ್ತಿರುವ ಮಗುವಿನ ಕೈಗೆ ಮೆತ್ತಿಕೊಂಡು, ಕೈಯಿಂದ ಬಾಯಿಗೆ ಹೋಗುತ್ತದೆ. ಆ ಹಳೆಯ ಆಯಿಲ್ ಪೇಂಟಿನಲ್ಲಿ ಸೀಸವಿದ್ದರೂ ಅಂದು ಮಗುವಿಗೆ ಜ್ವರ ಬರುವುದಿಲ್ಲ, ವಾಂತಿಯಾಗುವುದಿಲ್ಲ. ತಾಯಿಗೆ ಅನುಮಾನ ಬರುವಂಥದ್ದು ಏನೂ ಕಾಣುವುದಿಲ್ಲ. ಈ ವಿಷದ ಬಗ್ಗೆ ನನಗಿರುವ ದೊಡ್ಡ ಆತಂಕವೇ ಅದು.

ದೇಹಕ್ಕೆ ಸೀಸದಿಂದ ಯಾವ ಉಪಯೋಗವೂ ಇಲ್ಲ. ಆದರೂ ದೇಹ ಅದನ್ನು ಕ್ಯಾಲ್ಸಿಯಂ ಎಂದೇ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ಬಾಯಿಗೆ ಹೋದ ಸೀಸವನ್ನು ಚಿಕ್ಕ ಮಕ್ಕಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತಾರೆ. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯಬಹುದು, ಆದರೆ ಮೂಳೆಯಲ್ಲಿ ಕುಳಿತದ್ದು ದಶಕಗಳ ಕಾಲ ಅಲ್ಲೇ ಉಳಿಯುತ್ತದೆ. ಹೆಣ್ಣುಮಗು ಬೆಳೆದು ಗರ್ಭಿಣಿಯಾದಾಗ ಅದೇ ಸೀಸ ಮೂಳೆಯಿಂದ ಬಿಟ್ಟು ಹೊಟ್ಟೆಯ ಕೂಸನ್ನೂ ತಲುಪುತ್ತದೆ. ಗಮನ ನಿಲ್ಲದಿರುವುದು, ಕಲಿಕೆಯಲ್ಲಿ ಹಿಂದುಳಿಯುವುದು, ರಕ್ತಹೀನತೆ, ಕಿವಿ ಮಂದವಾಗುವುದು ಬಾಲ್ಯದ ಪರಿಣಾಮಗಳಾದರೆ, ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ತೊಂದರೆಗಳು ನಡುವಯಸ್ಸಿನ ನಂತರ ಕಾಣಿಸಿಕೊಳ್ಳುವಂಥವು. ನ್ಯೂಜಿಲೆಂಡಿನ ಡನೀಡನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ ಮಕ್ಕಳನ್ನು ಸಂಶೋಧಕರು ದಶಕಗಟ್ಟಲೆ ಹಿಂಬಾಲಿಸಿದ್ದಾರೆ. ಅವರಲ್ಲಿ 11ನೇ ವಯಸ್ಸಿನಲ್ಲಿ ರಕ್ತದಲ್ಲಿ ಹೆಚ್ಚು ಸೀಸವಿದ್ದವರ ಬುದ್ಧಿಮತ್ತೆಯ ಅಂಕಗಳು 38ನೇ ವಯಸ್ಸಿನಲ್ಲೂ ಕಡಿಮೆಯೇ ಇದ್ದವು ಎಂಬುದು 2017ರಲ್ಲಿ ಪ್ರಕಟವಾಯಿತು. ಅಲ್ಲಿ ಸೀಸ ಬಂದದ್ದು ಮುಖ್ಯವಾಗಿ ಪೆಟ್ರೋಲಿನ ಹೊಗೆಯಿಂದ. ಭಾರತದಲ್ಲಿ ಸೀಸಯುಕ್ತ ಪೆಟ್ರೋಲ್ 2000ದಲ್ಲಿ ನಿಂತಿತು. ಆದರೂ ದೇಶದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಎಚ್ಚರಿಕೆಯ ಮಟ್ಟವನ್ನು ಮೀರಿದ ಸೀಸವಿದೆ ಎಂದು ಯುನಿಸೆಫ್ 2020ರಲ್ಲಿ ಅಂದಾಜು ಮಾಡಿತು.

ಮೊದಲು ನೋಡಬೇಕಾದದ್ದು ಬಣ್ಣವನ್ನು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಆದ್ದರಿಂದ ಅದಕ್ಕೂ ಮೊದಲು ಬಳಿದ ಆಯಿಲ್ ಪೇಂಟಿನಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ, ಸೀಸ ಇದೆ ಎಂದೇ ತಿಳಿದು ಕೆಲಸ ಮಾಡುವುದು ಒಳ್ಳೆಯದು. ಕುಟುಂಬದ ಹಿರಿಯರ ಕಾಲದ ಐನ್‌ಮನೆಯನ್ನೋ ಹಳೆಯ ಬಂಗಲೆಯನ್ನೋ ಹೋಂಸ್ಟೇ ಮಾಡಲು ಹೊರಟವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು ಕೆರೆಯದೆ ಮೇಲೆಯೇ ಹೊಸ ಬಣ್ಣ ಬಳಿಯಿರಿ. ಕೆರೆಯಲೇಬೇಕಾದರೆ ಮಕ್ಕಳನ್ನೂ ಗರ್ಭಿಣಿಯರನ್ನೂ ಕೆಲಸ ಮುಗಿದು ಮನೆ ಶುಚಿಯಾಗುವವರೆಗೆ ನೆಂಟರ ಮನೆಗೆ ಕಳುಹಿಸಿ, ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಚಿಮುಕಿಸಿ ಒದ್ದೆ ಮಾಡಿಕೊಂಡೇ ಉಜ್ಜಿಸಬೇಕು. ಬೆಂಕಿ ಹಿಡಿದು ಬಣ್ಣ ಸುಡುವುದು, ಯಂತ್ರದಿಂದ ಒಣ ಉಜ್ಜುವುದು ಬೇಡವೇ ಬೇಡ. ಕೊನೆಗೆ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಬಣ್ಣದ ಚಕ್ಕೆಗಳನ್ನು ಗೊಬ್ಬರದ ಗುಂಡಿಗೆ ಹಾಕದೆ ಚೀಲದಲ್ಲಿ ಕಟ್ಟಿಡಬೇಕು. ಕೆಲಸಗಾರರ ಮನೆಯಲ್ಲೂ ಮಕ್ಕಳಿರುತ್ತಾರೆ. ಅವರು ಮುಖಕ್ಕೆ ಮಾಸ್ಕ್ ಹಾಕಿಕೊಳ್ಳುವಂತೆಯೂ, ಕೈಕಾಲು ತೊಳೆದು ಬಟ್ಟೆ ಬದಲಿಸಿಯೇ ಮನೆಗೆ ಹೋಗುವಂತೆಯೂ ವ್ಯವಸ್ಥೆ ಮಾಡುವುದು ಮನೆಯೊಡೆಯರ ಜವಾಬ್ದಾರಿ.

ಎರಡನೆಯದು ಬ್ಯಾಟರಿ. ಆನೆ ಬಾರದಂತೆ ಹಾಕಿದ ಸೋಲಾರ್ ಬೇಲಿಗೆ, ಮಳೆಗಾಲದಲ್ಲಿ ಕರೆಂಟ್ ಹೋದಾಗ ನಡೆಯುವ ಇನ್ವರ್ಟರಿಗೆ, ಜೀಪಿಗೆ, ಪಿಕಪ್ಪಿಗೆ ಹೀಗೆ ಒಂದು ತೋಟದಲ್ಲಿ ಎಷ್ಟು ಬ್ಯಾಟರಿಗಳಿವೆಯೆಂದು ಎಣಿಸಿ ನೋಡಿ. ಲೆಡ್ ಆಸಿಡ್ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ ಇರುತ್ತದೆ. ಕೆಟ್ಟುಹೋದದ್ದು ಕಾರ್ಮಿಕರ ಸಾಲುಮನೆಯಾದ ಲೈನ್ ಮನೆಯ ಜಗಲಿಯ ಮೂಲೆಯಲ್ಲೋ ಕಾಫಿ ಕಣದ ಅಂಚಿನಲ್ಲೋ ಒಡೆದು ಬಿದ್ದಿದ್ದರೆ ಸುತ್ತಲಿನ ಮಣ್ಣು ಕೆಡುತ್ತದೆ, ಅದೇ ಮಣ್ಣಿನಲ್ಲಿ ಕಾರ್ಮಿಕರ ಮಕ್ಕಳು ಆಡುತ್ತಾರೆ. ಬಣ್ಣದ ವಿಷಯದಲ್ಲಿ ಈಗೀಗ ಸ್ವಲ್ಪವಾದರೂ ಮಾತುಕತೆ ಇದೆ, ಬ್ಯಾಟರಿಯ ಬಗ್ಗೆ ಅದೂ ಸಾಲದು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಹಿಂದಿರುಗಿಸಿ, ರಸೀದಿಯಲ್ಲಿ ಬರೆಸಿಕೊಳ್ಳಿ; ಬಳಸಿದ ಬ್ಯಾಟರಿಗಳನ್ನು ಹಿಂಪಡೆಯುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆಯೇ ಹಾಕಿವೆ. ಹೆಚ್ಚು ಹಣ ಕೊಡುತ್ತೇನೆಂದು ಬರುವ ಗುಜರಿಯವರಿಗೆ ಕೊಟ್ಟರೆ ಅದನ್ನು ಎಲ್ಲೋ ಬಯಲಿನಲ್ಲಿ ಒಡೆದು, ಕರಗಿಸಿ, ಬೇರೆಯವರ ಮಕ್ಕಳಿಗೆ ಉಣಿಸಿದಂತಾಗುತ್ತದೆ.

ಕೋವಿಯ ಮಾತನ್ನು ಕೊಡಗಿನಲ್ಲಿ ಬಿಡುವಂತಿಲ್ಲ. ಕೋವಿಗೆ ತುಂಬುವ ತೋಟಾದೊಳಗಿನ (ಕಾರ್ಟ್ರಿಜ್) ಚರೆ ಸಾಮಾನ್ಯವಾಗಿ ಸೀಸದ್ದು. ಗುಂಡಿಲ್ಲದೆ ಗಾಳಿಯಲ್ಲಿ ಹಾರಿಸಿದರೂ ತೋಟಾದ ತಳದ ಕ್ಯಾಪಿನಲ್ಲಿರುವ ಸೀಸದ ಸಂಯುಕ್ತ ಹೊಗೆಯಾಗಿ ಹೊರಬರುತ್ತದೆ. ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವಲ್ಲಿ ಮಕ್ಕಳನ್ನು ದೂರ ನಿಲ್ಲಿಸಿ, ಬಿದ್ದ ಚರೆ ಹೆಕ್ಕಲು ಬಿಡಬೇಡಿ. ಗುಂಡು ಹೊಕ್ಕ ಕಾಯನ್ನು ತಿನ್ನಲು ಕೊಡಬಾರದು. ಕೋವಿಯನ್ನು ಅಡುಗೆಮನೆಯ ಹತ್ತಿರ ಶುಚಿ ಮಾಡದೆ, ಕೆಲಸವಾದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ. ಗಾಳದ ದಾರಕ್ಕೆ ಕಟ್ಟುವ ಸೀಸದ ತುಂಡನ್ನು ಹಲ್ಲಿನಲ್ಲಿ ಕಚ್ಚುವ ಅಭ್ಯಾಸವನ್ನೂ ಬಿಡಿಸಬೇಕು.

ಅಡುಗೆಮನೆಯಲ್ಲಿ ನೋಡಬೇಕಾದದ್ದು ಕಡಿಮೆ. ಕಣ್ಣು ಕುಕ್ಕುವ ಹಳದಿಯ ಬಿಡಿ ಅರಿಶಿನ ಪುಡಿಗೆ ಸೀಸದ ಕ್ರೋಮೇಟ್ ಬೆರೆಸಿರುವ ಸಾಧ್ಯತೆಯಿದೆ, ಆದ್ದರಿಂದ ಮನೆಯಲ್ಲೇ ಬೆಳೆದ ಕೊಂಬನ್ನು ಬೇಯಿಸಿ ಒಣಗಿಸಿ ಪುಡಿ ಮಾಡಿಸಿಕೊಳ್ಳಬಹುದು. ಕಲಾಯಿಯ ತವರಕ್ಕೆ ಸೀಸ ಬೆರೆತಿದ್ದರೆ ಹುಳಿ ಅದನ್ನು ಕರಗಿಸುತ್ತದೆ. ಹಾಗಾಗಿ ಕೊಡಗಿನ ಅಡುಗೆಯ ಕಪ್ಪು ಹುಳಿರಸವಾದ ಕಾಚಂಪುಳಿಯನ್ನು ಗಾಜಿನ ಬಾಟಲಿಯಲ್ಲೇ ಇಡಿ, ಅದನ್ನು ಹಾಕುವ ಅಡುಗೆಯನ್ನು ಸ್ಟೀಲ್ ಪಾತ್ರೆಯಲ್ಲಿ ಮಾಡಿ. ಸುರ್ಮಾದಲ್ಲೂ ಸೀಸವಿರಬಹುದಾದ್ದರಿಂದ ಕಂದಮ್ಮಗಳ ಕಣ್ಣಿಗೆ ಅದು ಬೇಡ. ಪೆನ್ಸಿಲನ್ನು ಸೀಸದ ಕಡ್ಡಿ ಎನ್ನುತ್ತೇವಾದರೂ ಅದರೊಳಗಿರುವುದು ಗ್ರಾಫೈಟ್, ಅದಕ್ಕೆ ಹೆದರಬೇಕಿಲ್ಲ.

ಹಸಿದ ಹೊಟ್ಟೆ ಸೀಸವನ್ನು ಹೆಚ್ಚು ಹೀರುತ್ತದೆ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿರುವ ದೇಹವೂ ಹಾಗೆಯೇ. ಬೆಳಗ್ಗೆ ಮಗು ಏನಾದರೂ ತಿಂದೇ ಹೊರಗೆ ಹೋಗಲಿ. ರಾಗಿ, ಸೊಪ್ಪು, ಮೊಟ್ಟೆ, ಕೊಡಗಿನ ಕಿತ್ತಳೆ ಊಟದಲ್ಲಿರಲಿ. ಮಣ್ಣು ತಿನ್ನುವ ಮಗುವನ್ನು ಗದರಿಸುವುದಕ್ಕಿಂತ ಅದರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಇಷ್ಟಾದ ಮೇಲೂ ಅನುಮಾನವಿದ್ದರೆ ಮಕ್ಕಳ ವೈದ್ಯರನ್ನು ಕಂಡು, ರಕ್ತದಲ್ಲಿ ಸೀಸದ ಮಟ್ಟ ಎಷ್ಟೆಂದು ಪರೀಕ್ಷಿಸಲು ಕೇಳಿ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಚರ್ಮದ ಮೇಲಿನ ಹುಡಿಯೂ ಸೇರಬಹುದಾದ್ದರಿಂದ ಫಲಿತಾಂಶ ಹೆಚ್ಚು ಬಂದರೆ ರಕ್ತನಾಳದಿಂದ ತೆಗೆದು ಖಚಿತಪಡಿಸಿಕೊಳ್ಳಬೇಕು. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂಲವನ್ನು ಹುಡುಕಿ ತೆಗೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕಿಂತ ಕೆಳಗಿದ್ದರೆ ಅಪಾಯವೇ ಇಲ್ಲವೆಂದು ಅದು ಹೇಳಿಲ್ಲ. ಚಿಕ್ಕ ಮಕ್ಕಳಲ್ಲಿ 45 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೀಸವನ್ನು ಹೊರಹಾಕುವ ಔಷಧಿಯಿದೆ, ಆದರೆ ಮಿದುಳಿಗೆ ಆಗಿಹೋದ ಹಾನಿಯನ್ನು ಅದು ಹಿಂತಿರುಗಿಸುವುದಿಲ್ಲ. ಫಲಿತಾಂಶ ಕಡಿಮೆ ಬಂದರೂ ಅದು ತೋರಿಸುವುದು ಹೆಚ್ಚಾಗಿ ಈಚಿನ ವಾರಗಳ ಲೆಕ್ಕವನ್ನು. ಅಣ್ಣ ತಂಗಿಯರನ್ನೂ ಪರೀಕ್ಷೆಗೆ ಒಳಪಡಿಸಿ, ಅಂಕಿಯನ್ನೂ ದಿನಾಂಕವನ್ನೂ ತಾಯಿ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಮಗು ಶಾಲೆಗೆ ಸೇರಿದಾಗ ಶ್ರವಣ ಪರೀಕ್ಷೆ ಮಾಡುವವರಿಗೂ, ಮೂವತ್ತು ವರ್ಷದ ನಂತರ ರಕ್ತದೊತ್ತಡ ನೋಡುವ ವೈದ್ಯರಿಗೂ ಆ ಚೀಟಿ ಬೇಕಾಗುತ್ತದೆ.