ಹಳೆಯ ಮಾಡೆಲ್ ಇಂಜಿನ್‌ಗೆ ಡಿಸಿಸಿ: ಡಿಕೋಡರ್ ಸುಡದಂತೆ ಕೂರಿಸುವುದು ಹೇಗೆ?

ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಎಂದರೆ ಮಾಡೆಲ್ ರೈಲನ್ನು ಡಿಜಿಟಲ್ ಆಜ್ಞೆಯಿಂದ ಓಡಿಸುವ ಪದ್ಧತಿ. ಆ ಆಜ್ಞೆ ಓದಲು ಇಂಜಿನ್ ಒಳಗೆ ಕೂರಿಸುವ ಪುಟ್ಟ ಸರ್ಕ್ಯೂಟ್ ಡಿಕೋಡರ್. ಅದನ್ನು ಸುಟ್ಟುಕೊಂಡವರನ್ನು ವಿಚಾರಿಸಿ ನೋಡಿ. ಹೆಚ್ಚಿನವರ ತಪ್ಪು ಒಂದೇ. ಮೋಟಾರನ್ನು ಲೋಹದ ಚಾಸಿಯಿಂದ ಪೂರ್ತಿ ಬೇರೆ ಮಾಡದೆ ವೈರ್ ಜೋಡಿಸಿರುತ್ತಾರೆ.

ಹಳೆಯ ಡಿಸಿ ಇಂಜಿನ್‌ನಲ್ಲಿ ಹಳಿಯ ಕರೆಂಟ್ ನೇರ ಮೋಟಾರಿಗೆ ಹೋಗುತ್ತದೆ. ವೋಲ್ಟೇಜ್ ಏರಿಸಿದರೆ ವೇಗ ಜಾಸ್ತಿ, ಅಷ್ಟೆ. ಡಿಸಿಸಿಯಲ್ಲಿ ಹಾಗಲ್ಲ. ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ಓಡಿಸುವವರ ಆಜ್ಞೆಯೂ ಅದರಲ್ಲೇ ಬರುತ್ತದೆ. ಅದನ್ನು ಓದಿ ಮೋಟಾರಿಗೆ ಬೇಕಾದಷ್ಟು ಕೊಡುವುದು ಡಿಕೋಡರ್. ಹಳಿಯಿಂದ ಮೋಟಾರಿಗೆ ಬೇರೆ ಕಳ್ಳದಾರಿ ಉಳಿದಿದ್ದರೆ ಕರೆಂಟ್ ಡಿಕೋಡರ್‌ನ ಮೋಟಾರ್ ಕಡೆಯಿಂದ ಒಳನುಗ್ಗುತ್ತದೆ. ಕ್ಷಣದಲ್ಲಿ ಹೊಗೆ.

ಉದಾಹರಣೆಗೆ ಅಮೆರಿಕದ ಅಥರ್ನ್ ಕಂಪನಿಯ ಹಳೆಯ ‘ಬ್ಲೂ ಬಾಕ್ಸ್’ ಡೀಸೆಲ್ ಇಂಜಿನ್ ತೆಗೆದುಕೊಳ್ಳೋಣ. ಎಚ್‌ಒ ಅಳತೆ, ಅಂದರೆ 1:87. ಗಟ್ಟಿಮುಟ್ಟು, ಬಿಚ್ಚುವುದೂ ಸುಲಭ. ನಿಮ್ಮದು 8 ಪಿನ್ ಸಾಕೆಟ್ ಇರುವ ಹೊಸ ಇಂಜಿನ್ ಆದರೆ ಇಷ್ಟೆಲ್ಲ ಬೇಡ. ಡಿಕೋಡರನ್ನು ಸಾಕೆಟ್ಟಿಗೆ ಸಿಕ್ಕಿಸಿದರೆ ಆಯಿತು.

ಮೊದಲು ಡಿಸಿಯಲ್ಲೇ ಓಡಿಸಿ ನೋಡಿ. ಅಲ್ಲಿ ಕುಂಟುವ ಇಂಜಿನ್ ಡಿಸಿಸಿಯಲ್ಲೂ ಕುಂಟುತ್ತದೆ. ಚಕ್ರ ಒರೆಸಿ, ಹಳೆಯ ಜಿಡ್ಡು ತೆಗೆದು, ಒಂದು ಹನಿ ಎಣ್ಣೆ ಬಿಡಿ. ಆಮೇಲೆ ಮಲ್ಟಿಮೀಟರನ್ನು 10 ಆಂಪಿಯರ್‌ಗೆ ಇಟ್ಟು, 12 ವೋಲ್ಟ್ ಕೊಟ್ಟು, ಮೋಟಾರ್ ತಿರುಗದಂತೆ ಒಂದೇ ಕ್ಷಣ ಹಿಡಿದು ಎಷ್ಟು ಕರೆಂಟ್ ಎಳೆಯುತ್ತದೆ ನೋಡಿ. ಡಿಕೋಡರ್ ತಡೆಯುವ ಆಂಪಿಯರ್ ಅದಕ್ಕಿಂತ ಹೆಚ್ಚಿರಬೇಕು. ತಯಾರಕರ ಹೆಸರೇ ಇಲ್ಲದ ಅಗ್ಗದ ಡಿಕೋಡರ್ ಖಂಡಿತ ಬೇಡ. ನಿಧಾನ ವೇಗದಲ್ಲಿ ಇಂಜಿನ್ ಜಗ್ಗಾಡುತ್ತದೆ.

ಈಗ ಮುಖ್ಯ ಕೆಲಸ. ಬಾಡಿ ತೆಗೆದರೆ ಮೋಟಾರಿನ ಮೇಲೆ ಉದ್ದನೆಯ ಲೋಹದ ಪಟ್ಟಿ ಕಾಣುತ್ತದೆ. ಒಂದು ಹಳಿಯ ಕರೆಂಟ್ ಅದರ ಮೂಲಕ ಬರುತ್ತದೆ. ಅದನ್ನು ತೆಗೆಯಿರಿ. ಇನ್ನೊಂದು ಹಳಿಯದು ಚಾಸಿ ಮೂಲಕ ಬರುತ್ತದೆ. ಮೋಟಾರಿನ ಅಡಿಯ ಕ್ಲಿಪ್‌ನ ಸಣ್ಣ ಹಲ್ಲುಗಳು ಚಾಸಿಗೆ ಒತ್ತಿಕೊಂಡಿರುತ್ತವೆ. ಆ ಹಲ್ಲುಗಳೇ ಕಳ್ಳದಾರಿ.

ಮೋಟಾರನ್ನು ಕೆಳಗಿನಿಂದ ಮೆಲ್ಲಗೆ ಎಬ್ಬಿಸಿ ಹೊರತೆಗೆಯಿರಿ. ಕ್ಲಿಪ್ ಬಿಚ್ಚುವಾಗ ಅಡಿಯಲ್ಲಿ ಟವೆಲ್ ಹಾಸಿರಲಿ. ಕಾರ್ಬನ್ ಬ್ರಷ್ ಮತ್ತು ಸ್ಪ್ರಿಂಗ್ ಹಾರಿದರೆ ಹುಡುಕುವುದು ಕಷ್ಟ. ಹಲ್ಲುಗಳನ್ನು ಕತ್ತರಿಸಿ, ಅರದಿಂದ ಉಜ್ಜಿ ಸಮ ಮಾಡಿ. ಮೇಲಿನ ಕ್ಲಿಪ್‌ಗೊಂದು, ಕೆಳಗಿನದಕ್ಕೊಂದು ತೆಳು ವೈರ್ ಸೋಲ್ಡರ್ ಮಾಡಿ. ಕ್ಲಿಪ್ ಮೋಟಾರಿನಿಂದ ಹೊರಗಿರುವಾಗಲೇ ಮಾಡಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕರಗುತ್ತದೆ. ಪಾತ್ರೆ ಬೆಸೆಯುವ ಆಸಿಡ್ ಫ್ಲಕ್ಸ್ ಮುಟ್ಟಲೇಬೇಡಿ, ವೈರನ್ನು ತಿಂದುಹಾಕುತ್ತದೆ. ರೋಸಿನ್ ಇರುವ ಸೋಲ್ಡರ್ ಸಾಕು.

ಮೋಟಾರ್ ಕೂರುವ ಜಾಗಕ್ಕೆ ಎರಡು ಪದರ ಕ್ಯಾಪ್ಟಾನ್ (Kapton) ಟೇಪ್, ಅಂದರೆ ಬಿಸಿ ತಡೆಯುವ, ಕರೆಂಟ್ ಹರಿಯಬಿಡದ ಟೇಪ್ ಅಂಟಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಕಪ್ಪು ಪಿವಿಸಿ ಟೇಪ್ ಸಾಕಲ್ವಾ ಎಂದು ಕೇಳುವವರಿದ್ದಾರೆ. ಸಾಲದು. ಬಿಸಿಗೆ ಅದರ ಅಂಟು ಇಳಿದು ಟೇಪ್ ಜಾರುತ್ತದೆ.

ಮೋಟಾರ್ ಕೂರಿಸಿದ ಮೇಲೆ ಮೀಟರನ್ನು ಬೀಪ್‌ಗೆ (ಎರಡು ತುದಿಗಳ ನಡುವೆ ಕರೆಂಟಿಗೆ ದಾರಿಯಿದ್ದರೆ ಸದ್ದು ಮಾಡುವ ಕಂಟಿನ್ಯುಟಿ ಪರೀಕ್ಷೆಗೆ) ಇಡಿ. ಮೋಟಾರಿನ ಒಂದೊಂದು ವೈರನ್ನೂ ಚಾಸಿಗೆ, ಎಡ ಚಕ್ರಕ್ಕೆ, ಬಲ ಚಕ್ರಕ್ಕೆ ಹಿಡಿದು ನೋಡಿ. ಎಲ್ಲೂ ಬೀಪ್ ಬರಬಾರದು. ಮೋಟಾರನ್ನು ಒತ್ತಿ, ಅಲುಗಾಡಿಸಿ ಇನ್ನೊಮ್ಮೆ ನೋಡಿ. ಬಾಡಿ ಹಾಕಿದ ಮೇಲೆ ವೈರ್ ಎಲ್ಲೋ ಸಿಕ್ಕಿಕೊಂಡು ಚಾಸಿಗೆ ತಾಗಬಹುದು. ಹಾಗಾಗಿ ಡಿಕೋಡರ್ ಜೋಡಿಸುವ ಮೊದಲು ಸುಮ್ನೆ ಬಾಡಿ ಹಾಕಿಯೂ ಪರೀಕ್ಷಿಸಿ. ಇಷ್ಟಕ್ಕೆ ಐದು ನಿಮಿಷ ಸಾಕು. ಬಿಡಬೇಡಿ.

ಮುಂದಿನದು ಸುಲಭ. ಇಂಜಿನ್ ಮುಂದಕ್ಕೆ ಹೋಗುವ ದಿಕ್ಕಿನಲ್ಲಿ ಬಲ ಹಳಿಗೆ ಡಿಕೋಡರ್‌ನ ಕೆಂಪು ವೈರ್, ಎಡಕ್ಕೆ ಕಪ್ಪು. ಇವುಗಳಲ್ಲಿ ಯಾವುದು ಚಾಸಿಗೆ ಎಂದು ಮೀಟರ್ ಹೇಳುತ್ತದೆ. ಇನ್ನೊಂದು, ತೆಗೆದ ಲೋಹದ ಪಟ್ಟಿಗೆ ಹಳಿಯ ಕರೆಂಟ್ ಬರುತ್ತಿದ್ದ ಕಡೆಗೆ. ಮೋಟಾರಿಗೆ ಕಿತ್ತಳೆ ಮತ್ತು ಬೂದು ವೈರ್. ಇವೆರಡು ಅದಲುಬದಲಾದರೆ ಇಂಜಿನ್ ಹಿಂದಕ್ಕೆ ಓಡುತ್ತದೆ, ಬೇರೇನೂ ಹಾನಿಯಿಲ್ಲ. ಪ್ರತಿ ಬೆಸುಗೆಗೂ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಚಾಸಿಗೆ ತಾಗಿಕೊಂಡಿರುವ ಹಳೆಯ ಬಲ್ಬ್ ಕಿತ್ತು ಎಲ್‌ಇಡಿ ಹಾಕಿ: ನೀಲಿ ವೈರ್ ಉದ್ದ ಕಾಲಿಗೆ, ಬಿಳಿ ವೈರ್ 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಗಿಡ್ಡ ಕಾಲಿಗೆ.

ಮೊದಲ ಸಲ ಇಂಜಿನನ್ನು ಪ್ರೋಗ್ರಾಮಿಂಗ್ ಹಳಿಯ (ಡಿಕೋಡರ್‌ನ ಸೆಟ್ಟಿಂಗ್ ಓದಿ ಬರೆಯುವ ಪ್ರತ್ಯೇಕ ಹಳಿ) ಮೇಲೇ ಇಡಿ. ಅಲ್ಲಿ ಕರೆಂಟ್ ಮಿತವಾಗಿರುವುದರಿಂದ ತಪ್ಪಿದ್ದರೂ ಸಾಮಾನ್ಯವಾಗಿ ಡಿಕೋಡರ್ ಉಳಿಯುತ್ತದೆ. ಹೊಸ ಡಿಕೋಡರ್‌ನ ವಿಳಾಸ, ಅಂದರೆ ಆಜ್ಞೆ ಯಾವ ಇಂಜಿನ್‌ಗೆ ಎಂದು ಗುರುತಿಸುವ ಸಂಖ್ಯೆ, 3. ಅದನ್ನು ಓದಲು ಬಂದರೆ ಹೊಸ ವಿಳಾಸ ಬರೆದು ಮುಖ್ಯ ಹಳಿಗೆ ಒಯ್ಯಿರಿ. ಓದದಿದ್ದರೆ ಇಂಜಿನ್ ಎತ್ತಿ, ಮತ್ತೆ ಮೀಟರ್ ಹಿಡಿಯಿರಿ.